ಗನ್‌ತುಲ್ಗ ಕುದುರೆ ಹತ್ತಿದ ಶನಿವಾರ

ಶನಿವಾರ ಬೆಳಿಗ್ಗೆ ಏಳೂವರೆಗೆ ಕುರ್ರಬಿನ್ ಊರಿನ ಬೇಕರಿಯಲ್ಲಿ ಗನ್‌ತುಲ್ಗ ಒಮ್ಮೆ ಮುಗುಳ್ನಕ್ಕ. ಆಮೇಲೆ ಆದದ್ದಕ್ಕೆಲ್ಲ ಆ ನಗುವೇ ಕಾರಣ.

ಅವನು ಮಂಗೋಲಿಯಾದಿಂದ ಓದಲು ಬಂದು ಆರು ವಾರವಾಗಿತ್ತು. ಪಕ್ಕದ ಪಟ್ಟಣದ ಕಾಲೇಜಿನಲ್ಲಿ ಹಾಲು, ಚೀಸಿನ ವಿಜ್ಞಾನದ ಓದು. ವಾಸ ಮಾತ್ರ ಇಲ್ಲಿ, ನೊಯಲೀನ್ ಮತ್ತು ಮರ್ವ್ ದಂಪತಿಯ ಮನೆಯ ಹಿಂದಿನ ಕೋಣೆಯಲ್ಲಿ. ಈ ಆರು ವಾರದಲ್ಲಿ ತನ್ನ ದೇಶದ ಹೆಸರು ಹೇಳಿದಾಗಲೆಲ್ಲ ಎದುರಿನವರ ಮುಖ ತೊಳೆದಿಟ್ಟ ತಟ್ಟೆಯಂತಾಗುವುದನ್ನು ಅವನು ಕಂಡಿದ್ದ. ಕೆಲವರು ಅದು ಚೀನಾದ ಒಂದು ಜಿಲ್ಲೆ ಎಂದುಕೊಂಡಿದ್ದರು. ಅಂಚೆ ಕಚೇರಿಯವನಂತೂ, "ಗೊತ್ತು ಗೊತ್ತು, ನಿಮ್ಮ ಕಡೆ ಅಡಿಗೆಗೆ ತೆಂಗಿನಕಾಯಿ ಜಾಸ್ತಿ ಹಾಕ್ತೀರಿ" ಎಂದಿದ್ದ.

ಅಂದು ನೊಯಲೀನ್ ಜತೆ ಹೋಗಿದ್ದಾಗ ಬೇಕರಿಯಲ್ಲಿ ಸಿಕ್ಕವಳು ಪಕ್ಕದ ಮನೆಯ ಬೆರಿಲ್. ಊರಿನ ಕುದುರೆ ಸಂಘದ ಕಾರ್ಯದರ್ಶಿ; ಊರಿನವರ ಮಿಕ್ಕ ವಿಷಯಗಳಿಗೂ ತಾನೇ ಕಾರ್ಯದರ್ಶಿ ಎಂದು ತಿಳಿದವಳು.

"ಈ ಹುಡುಗ ಯಾವ ದೇಶದವನು ಅಂದೆ ನೊಯಲೀನ್?"

"ಮಂಗೋಲಿಯಾ" ಎಂದಳು ನೊಯಲೀನ್.

ಬೆರಿಲ್ ಕೈಯಲ್ಲಿದ್ದ ಬ್ರೆಡ್ಡನ್ನು ಎದೆಗೊತ್ತಿಕೊಂಡಳು. "ಮಂಗೋಲಿಯಾ! ಕುದುರೆ ಮೇಲೇ ಹುಟ್ಟಿ ಕುದುರೆ ಮೇಲೇ ಬೆಳೆಯೋ ಜನ! ಪ್ರಪಂಚದಲ್ಲೇ ಅವರಂಥ ಸವಾರರಿಲ್ಲ! ಹೌದೇನಪ್ಪಾ?"

ಬೇಕರಿಯ ಜನರೆಲ್ಲ ತಿರುಗಿ ನೋಡಿದರು. ಆರು ವಾರದಲ್ಲಿ ಮೊದಲ ಬಾರಿಗೆ ತನ್ನ ದೇಶದ ಹೆಸರಿಗೆ ಒಂದು ಮುಖ ಬೆಳಗಿತ್ತು. ತಾನು ಉಲಾನ್‌ಬಾತರ್ ನಗರದಲ್ಲಿ ಒಂಬತ್ತನೇ ಮಹಡಿಯಲ್ಲಿ ಹುಟ್ಟಿದವನು, ಅಪ್ಪ ಟ್ರಾಲಿ ಬಸ್ಸು ಓಡಿಸುತ್ತಾನೆ, ಅಮ್ಮ ಹಲ್ಲಿನ ಡಾಕ್ಟರು, ತಾನು ಇದುವರೆಗೆ ಹತ್ತಿದ ಒಂದೇ ಕುದುರೆ ಮಕ್ಕಳ ಪಾರ್ಕಿನ ಗಿರಕಿಯದು, ಅದರ ಮೇಲೂ ವಾಂತಿ ಮಾಡಿಕೊಂಡಿದ್ದೆ ಎಂದು ಹೇಳಬಹುದಿತ್ತು. ಆದರೆ ಎದೆ ತಾನಾಗಿ ಎರಡು ಅಂಗುಲ ಉಬ್ಬಿತು. ಅವನು ಮುಗುಳ್ನಕ್ಕ.

"ಮಧ್ಯಾಹ್ನ ಎರಡಕ್ಕೆ ಮೈದಾನದಲ್ಲಿ ಕುದುರೆ ಆಟ. ಕುದುರೆ ಮೇಲೆ ಮೂರು ಪೀಪಾಯಿ ಸುತ್ತಿ ಬರೋ ಪೀಪಾಯಿ ಓಟಕ್ಕೆ ಇವನ ಹೆಸರು ಬರ್ಕೊಂಡೆ!" ಎಂದು ಬೆರಿಲ್ ಬಾಗಿಲು ದಾಟಿದಳು.

ಕಾರಿನಲ್ಲಿ ಅವನು ಬಾಯಿ ತೆರೆದ. "ನೊಯಲೀನ್, ಒಂದು ವಿಷಯ ಹೇಳ್ಬೇಕಿತ್ತು..."

"ಏನೂ ಹೇಳ್ಬೇಡ ಗನಾ. ಕುದುರೆ ಕಂಡು ಎಷ್ಟು ದಿನ ಆಯ್ತೋ ಏನೋ, ಪಾಪ. ನಂಗೆ ಅರ್ಥ ಆಗುತ್ತೆ ಕಂದಾ" ಎಂದು ನೊಯಲೀನ್ ಕಣ್ಣೊರೆಸಿಕೊಂಡಳು. ಅವಳು ಅತ್ತರೆ ಕಾರು ರಸ್ತೆಯ ಎಡಬಲ ಎರಡೂ ಬದಿಗೆ ಹೋಗುತ್ತಿತ್ತು. ಅವನು ಮಾತು ಬಿಟ್ಟು ಸೀಟು ಬೆಲ್ಟು ಬಿಗಿದುಕೊಂಡ.

ಒಂಬತ್ತಕ್ಕೆ ನೊಯಲೀನ್‌ಳ ಮಗಳು ಟೀಗನ್‌ಳ ನೆಟ್‌ಬಾಲ್ ಪಂದ್ಯ. ಗನ್‌ತುಲ್ಗ ಕಿತ್ತಳೆ ಹಣ್ಣು ಕತ್ತರಿಸಿ ತಂಡಕ್ಕೆ ಕೊಡಬೇಕಿತ್ತು. ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ಬಂದಿತ್ತು. "ಇವನಾ? ಕಾಲು ನೋಡು, ಬಿಲ್ಲಿನ ಹಾಗೆ ಬಾಗಿದೆ. ಅದು ಸವಾರನ ಕಾಲು!" ಎಂದು ಒಬ್ಬಳು ತಾಯಿ ಇನ್ನೊಬ್ಬಳಿಗೆ ಹೇಳಿದಳು. ಹನ್ನೊಂದಕ್ಕೆ ಮರ್ವ್ ಜತೆ ಮೈದಾನದಲ್ಲಿ ಸಾಸೇಜು ಸುಡುವ ಕೆಲಸ. ಅವನು ಈರುಳ್ಳಿ ಹೆಚ್ಚುತ್ತ ಅಳುತ್ತಿದ್ದ. ಈರುಳ್ಳಿ ಮುಗಿದ ಮೇಲೂ ಕಣ್ಣಲ್ಲಿ ನೀರು ನಿಲ್ಲಲಿಲ್ಲ.

"ಮರ್ವ್, ನಂಗೆ ಕುದುರೆ ಓಡ್ಸೋಕೆ ಬರಲ್ಲ."

ಮರ್ವ್ ಇಕ್ಕಳ ಹಿಡಿದೇ ಗಹಗಹಿಸಿ ನಕ್ಕ. "ಭಲೇ! ಇದನ್ನ ಜೋರಾಗಿ ಹೇಳ್ಬೇಡ ಮಗಾ. ಎದುರಾಳಿಗಳು ನಂಬಿಬಿಟ್ರೆ ಆಟದ ಮಜಾನೇ ಹೋಗುತ್ತೆ."

ಎರಡಕ್ಕೆ ಕುದುರೆ ಬಂತು. ಡಚೆಸ್ ಎಂಬ ಬೂದು ಬಣ್ಣದ ಮುದಿ ಹೆಣ್ಣು ಕುದುರೆ. ಅದರ ಯಜಮಾನ ಕ್ಲಾರಿ ಡ್ಯೂಲನ್, ಎಪ್ಪತ್ತು ದಾಟಿದವನು, ಆ ಸೀಮೆಯ ಸವಾರಿಗೆ ಅವನೇ ಕೊನೆಯ ಮಾತು. ನಲವತ್ತೊಂದು ವರ್ಷದ ಹಿಂದೆ ಪೀಪಾಯಿ ಓಟದಲ್ಲಿ ಅವನು ಮಾಡಿದ ದಾಖಲೆಯನ್ನು ಯಾರೂ ಮುರಿದಿರಲಿಲ್ಲ. ಈಗ ಮೊಣಕಾಲು ನೋವೆಂದು ಕುದುರೆ ಹತ್ತುತ್ತಿರಲಿಲ್ಲ. ಸಂಘದ ಮಕ್ಕಳಿಗೆ ನೆಲದ ಮೇಲೇ ನಿಂತು ಸೀಟಿ ಊದಿ ಸವಾರಿ ಕಲಿಸುತ್ತಿದ್ದ.

ಗನ್‌ತುಲ್ಗ ಕುದುರೆಯ ಬಲಗಡೆ ಹೋಗಿ ನಿಂತ. ಕ್ಲಾರಿ ಅವನ ತೋಳು ಹಿಡಿದು, ಸವಾರರು ಹತ್ತುವ ಎಡಗಡೆಗೆ ತಂದು, ಮೂಟೆ ಎತ್ತುವಂತೆ ಎತ್ತಿ ಕೂರಿಸಿದ. "ಡಚೆಸ್ ಸಾಧು, ಮರಿ. ನಾಲ್ಕು ಕಾಲಿನ ಸೋಫಾ ಅಂದ್ಕೋ" ಎಂದ.

ಸೋಫಾ ನಿಜವಾಗಿಯೂ ಅಲುಗಾಡಲಿಲ್ಲ. ಗನ್‌ತುಲ್ಗನಿಗೆ ಜೀವ ಬಂತು. ಮೇಲಿಂದ ನೋಡಿದರೆ ಮೈದಾನವೇನು, ಪ್ರಪಂಚವೇ ಚಂದ ಕಾಣುತ್ತಿತ್ತು. ಮೆಲ್ಲಗೆ ಮೂರು ಪೀಪಾಯಿ ಸುತ್ತಿ ಬಂದರಾಯಿತು, ದೇಶದ ಮಾನ ಉಳಿಯಿತು ಎಂದುಕೊಂಡ. ಅಷ್ಟರಲ್ಲಿ ಬೆರಿಲ್ ಮೈಕು ಹಿಡಿದಳು.

"ಮಹಾಜನರೇ! ಮಂಗೋಲಿಯಾದಿಂದ..."

ಮೈಕು ಹಂದಿ ಕೊಯ್ದಂತೆ ಕೀರಲಿಟ್ಟಿತು. ಸೋಫಾ ಹಾರಿತು.

ಬಿಸಿ ಎಣ್ಣೆಗೆ ಬಿದ್ದ ಸಾಸಿವೆ ಕೂಡ ಅಷ್ಟು ಬೇಗ ಸಿಡಿಯುವುದಿಲ್ಲ. ಡಚೆಸ್ ವರ್ಷವರ್ಷವೂ ಸುತ್ತಿದ್ದ ಪೀಪಾಯಿಗಳು. ಮೇಲೆ ಯಾರಿದ್ದರೂ ಇಲ್ಲದಿದ್ದರೂ ಅದರ ಕಾಲಿಗೆ ದಾರಿ ಗೊತ್ತಿತ್ತು. ಮೊದಲ ಪೀಪಾಯಿಯಲ್ಲಿ ಗನ್‌ತುಲ್ಗನ ಬಲಗಾಲು ರಿಕಾಪಿನಿಂದ ಕಳಚಿತು. ಎರಡನೆಯದರಲ್ಲಿ ಅವನು ಜೀನಿನಿಂದ ಜಾರಿ, ಒಗೆದ ಪ್ಯಾಂಟು ತಂತಿಯ ಮೇಲೆ ಜೋತಾಡುವಂತೆ ಕುದುರೆಯ ಪಕ್ಕೆಗೆ ಜೋತುಬಿದ್ದ.

"ಓಹೋಹೋ! ನೋಡಿ, ನೋಡಿ! ಅವರ ದೇಶದ ವಿದ್ಯೆ!" ಎಂದು ಬೆರಿಲ್ ಮೈಕಿನಲ್ಲಿ ಕಿರುಚಿದಳು. "ಶತ್ರು ಬಾಣದಿಂದ ಹೀಗೇ ತಪ್ಪಿಸ್ಕೊಳ್ಳೋದು!"

"ಏಜೇ! ಏಜೇ!" ಎಂದು ಗನ್‌ತುಲ್ಗ ಬೊಬ್ಬೆ ಹೊಡೆದ. ಅವನ ಭಾಷೆಯಲ್ಲಿ ಅದು ಅಮ್ಮಾ ಎಂದು. ಜನ ಅದನ್ನು ರಣಘೋಷ ಎಂದು ತಿಳಿದರು. ಮುನ್ನೂರು ಜನ ಎದ್ದುನಿಂತು, "ಏಜೇ! ಏಜೇ!" ಎಂದು ಕೂಗಿದರು. ಮೂರನೇ ಪೀಪಾಯಿ ಸುತ್ತುವಾಗ ಏನಾದರೂ ಆಸರೆ ಸಿಕ್ಕೀತೆಂದು ಅವನು ಕೈ ಚಾಚಿದ. ಬೇಲಿಯ ಪಕ್ಕದಲ್ಲಿದ್ದ ಮರ್ವ್‌ನ ಟೋಪಿ ಕೈಗೆ ಬಂತು. ಮೈದಾನಕ್ಕೆ ಹುಚ್ಚು ಹಿಡಿಯಿತು. ಡಚೆಸ್ ಗೆರೆ ದಾಟಿ, ನೀರಿನ ತೊಟ್ಟಿಯ ಮುಂದೆ ಗಕ್ಕನೆ ನಿಂತಿತು. ಗನ್‌ತುಲ್ಗ ನಿಲ್ಲಲಿಲ್ಲ, ನೇರವಾಗಿ ತೊಟ್ಟಿಯೊಳಗೆ ಹೋದ.

"ದಾಖಲೆ! ಕ್ಲಾರಿಯ ದಾಖಲೆ ಮುರೀತು!" ಎಂದು ಬೆರಿಲ್ ಮೈಕಿನಲ್ಲಿ ಕೂಗಿದಳು.

ನೀರಿನಿಂದ ಎತ್ತಿ ಅವನನ್ನು ಹೆಗಲ ಮೇಲೆ ಹೊತ್ತರು. ನೊಯಲೀನ್ ಒದ್ದೆ ಅಂಗಿಗೆ ನೀಲಿ ರಿಬ್ಬನ್ ಚುಚ್ಚಿ, "ನಮ್ಮ ಹುಡುಗ! ನಮ್ಮ ಮನೆ ಹುಡುಗ!" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದಳು. ಅಂಚೆ ಕಚೇರಿಯವನು ಬಂದು ಕೈ ಕುಲುಕಿ, "ಮಂಗೋಲಿಯಾ ಅಂದ್ರೆ ಮಂಗೋಲಿಯಾ!" ಎಂದ. ತೆಂಗಿನಕಾಯಿ ಮಾತೆತ್ತಲಿಲ್ಲ. ಸೊಂಟದ ಕೆಳಗೆ ಕೆಂಡ ಸುರಿದಂತಿದ್ದರೂ ಗನ್‌ತುಲ್ಗನ ಎದೆ ಈ ಸಲ ನಾಲ್ಕು ಅಂಗುಲ ಉಬ್ಬಿತ್ತು. ಟೀಗನ್ ಕಳಿಸಿದ ಫೋಟೋ ನೋಡಿ ಅವನ ಅಮ್ಮ ಒಂಬತ್ತೂ ಮಹಡಿಯ ಜನಕ್ಕೆ ತೋರಿಸಿ ಬಂದಳಂತೆ.

ಆದರೂ ಮನೆಗೆ ಬಂದ ಮೇಲೆ ಮನಸ್ಸು ಕುಟುಕಿತು. ಅಡಿಗೆಮನೆಯಲ್ಲಿ ನಿಂತು ಎಲ್ಲವನ್ನೂ ಹೇಳಿಬಿಟ್ಟ: ಟ್ರಾಲಿ ಬಸ್ಸು, ಪಾರ್ಕಿನ ಗಿರಕಿ, ವಾಂತಿ, ಒಂದನ್ನೂ ಬಿಡಲಿಲ್ಲ.

ನೊಯಲೀನ್ ಸೌಟು ಕೆಳಗಿಟ್ಟು ಗಂಡನ ಕಡೆ ತಿರುಗಿದಳು. "ಕೇಳಿದ್ಯಾ ಮರ್ವ್? ದಾಖಲೆ ಮುರಿದು ಬಂದಿದ್ದಾನೆ, ಏನೂ ಬರಲ್ಲ ಅಂತಾನೆ. ವಿನಯ ಅಂದ್ರೆ ಇದು! ನಮ್ಮ ಊರವರು ಕಲೀಬೇಕು."

ಅವನು ಹತಾಶನಾಗಿ ಹಿತ್ತಲಿಗೆ ಬಂದ. ಸಂಜೆ ಬಿಸಿಲು ಇನ್ನೂ ಇತ್ತು. ಗೇಟು ತೆಗೆದು ಕ್ಲಾರಿ ಬಂದ. ನಲವತ್ತೊಂದು ವರ್ಷದ ದಾಖಲೆ ಕಳೆದುಕೊಂಡ ಮುದುಕ. ಬೈಯಲು ಬಂದಿರಬೇಕು ಎಂದು ಗನ್‌ತುಲ್ಗ ತಲೆ ತಗ್ಗಿಸಿದ.

"ನಿಂಗೆ ಸವಾರಿ ಬರಲ್ಲ" ಎಂದ ಕ್ಲಾರಿ.

ಗನ್‌ತುಲ್ಗನ ಕಣ್ಣು ತುಂಬಿ ಬಂತು. ಕೊನೆಗೂ ಒಬ್ಬರಿಗೆ ಗೊತ್ತಾಗಿತ್ತು! "ಹೌದು ಸಾರ್. ಒಂಚೂರೂ ಬರಲ್ಲ. ಹೇಗೆ ಗೊತ್ತಾಯ್ತು?"

ಕ್ಲಾರಿ ಬೇಲಿಯ ಆಚೆ ಈಚೆ ನೋಡಿ ದನಿ ತಗ್ಗಿಸಿದ. "ನಂಗೂ ಬರಲ್ಲ."

"ಅಂದ್ರೆ?"

"ಆ ವರ್ಷ ನಮ್ಮ ಡಚೆಸ್‌ಳ ಮುತ್ತಜ್ಜಿ ಮೇಲೆ ನನ್ನ ಗೆಳೆಯರು ತಮಾಷೆಗೆ ಕೂರಿಸಿದ್ರು. ಯಾರೋ ಪಟಾಕಿ ಹೊಡೆದ. ಅವಳು ಓಡಿದ್ಲು, ನಾನು ಕಣ್ಮುಚ್ಚಿ ಜುಟ್ಟು ಹಿಡ್ಕೊಂಡೆ. ಕಣ್ಣು ಬಿಟ್ಟಾಗ ದಾಖಲೆ ಆಗಿತ್ತು. ಅವತ್ತಿಂದ ಕೆಳಗೆ ಇಳಿಯೋಕೆ ಬಿಟ್ಟಿಲ್ಲ ಈ ಜನ."

"ನಿಜ ಹೇಳ್ಬಹುದಿತ್ತಲ್ಲ?"

"ಹೇಳಿದೆ. ಸಂಘದ ಸಭೆಯಲ್ಲೇ ಎದ್ದು ನಿಂತು ಹೇಳಿದೆ. ಎಂಥಾ ವಿನಯ ಅಂತ ಚಪ್ಪಾಳೆ ತಟ್ಟಿ ಮಕ್ಕಳಿಗೆ ಮೇಷ್ಟ್ರು ಮಾಡಿದ್ರು."

"ಮತ್ತೆ ಮಕ್ಕಳಿಗೆ ಏನು ಕಲಿಸ್ತಿದ್ರಿ?"

"'ಬೆನ್ನು ನೇರ' ಅಂತೀನಿ. 'ಕುದುರೆ ಹೇಳೋದನ್ನ ಕೇಳಿ' ಅಂತೀನಿ. ಎರಡೇ ಮಾತು. ಅವು ತಾವಾಗೇ ಕಲ್ತುಬಿಡ್ತವೆ. ನಾಲ್ಕು ಜನ ರಾಜ್ಯ ಮಟ್ಟಕ್ಕೆ ಹೋಗಿದ್ದಾರೆ ಗೊತ್ತಾ?" ಮುದುಕನ ದನಿಯಲ್ಲಿ ಅಪ್ಪಟ ಹೆಮ್ಮೆಯಿತ್ತು. ಅವನು ಕೊರಳಿನಿಂದ ಸೀಟಿ ತೆಗೆದು ಗನ್‌ತುಲ್ಗನ ಕೊರಳಿಗೆ ಹಾಕಿದ. "ದಾಖಲೆ ಮುರಿದವನೇ ಮೇಷ್ಟ್ರು, ಅದು ಸಂಘದ ನಿಯಮ. ಬೆರಿಲ್‌ಗೆ ರಾಜೀನಾಮೆ ಕೊಟ್ಟು ಬಂದೆ. ನಾಳೆ ಏಳು ಗಂಟೆಗೆ ಇಪ್ಪತ್ತಾರು ಮಕ್ಕಳು ಬರ್ತಾರೆ. ನಾನು ಮೀನು ಹಿಡಿಯೋಕೆ ಹೊರಟೆ ಮರಿ. ಬೆನ್ನು ನೇರ!"

ಊಟಕ್ಕೆ ಕರೆ ಬಂತು. ಹುರಿದ ಕುರಿಮಾಂಸ, ಆಲೂಗಡ್ಡೆ, ಕುಂಬಳಕಾಯಿ, ಬಟಾಣಿ. ಗನ್‌ತುಲ್ಗ ಕುರ್ಚಿಗೆ ತಗಲಿದವನೇ ಕೆಂಡ ಮುಟ್ಟಿದಂತೆ ಎದ್ದು, ತಟ್ಟೆ ಕೈಯಲ್ಲಿ ಹಿಡಿದು ಗೋಡೆಗೊರಗಿ ನಿಂತ. ನೊಯಲೀನ್ ಅವನನ್ನೂ, ಕೊರಳಿನ ಸೀಟಿಯನ್ನೂ ನೋಡಿದಳು. ಅವಳ ಮುಖ ಗೌರವದಿಂದ ಗಂಭೀರವಾಯಿತು.

"ಏಳು ಮರ್ವ್. ಟೀಗನ್, ನೀನೂ ಏಳು. ಅವರ ದೇಶದಲ್ಲಿ ಗೆದ್ದ ದಿನ ನಿಂತೇ ಊಟ ಮಾಡ್ತಾರೆ ಅಂತ ಕಾಣುತ್ತೆ."

ಮೂವರೂ ತಟ್ಟೆ ಹಿಡಿದು, ಬೆನ್ನು ನೆಟ್ಟಗೆ ಮಾಡಿ ಎದ್ದುನಿಂತರು. ಗನ್‌ತುಲ್ಗ ಏನೋ ಹೇಳಲು ಬಾಯಿ ತೆರೆದ. ಆಮೇಲೆ ಅದಕ್ಕೆ ಒಂದು ಆಲೂಗಡ್ಡೆ ಹಾಕಿಕೊಂಡ.