ಭಾಟಿಯಾ ಸಾಹೇಬರ ಕಾಡುಹಂದಿ

ಎಲ್ಲಕ್ಕೂ ಮೂಲ ಒಂದು ಪೊಟ್ಟಣ ಕಾಫಿಪುಡಿ. ರಜೆಗೆ ಊರಿಗೆ ಹೋಗಿದ್ದ ಸೋಮಶೇಖರ ವಾಪಸು ಬರುವಾಗ ತನ್ನ ಮೇಲಧಿಕಾರಿ ಭಾಟಿಯಾ ಸಾಹೇಬರಿಗೆಂದು ಅದನ್ನು ತಂದುಕೊಟ್ಟ. ಪೊಟ್ಟಣದ ಮೇಲೆ ಕೊಡಗಿನ ಬೆಟ್ಟದ ಚಿತ್ರವಿತ್ತು. ಸಾಹೇಬರು ಅದನ್ನು ಮೂಗಿಗೆ ಹಿಡಿದು, ಅಚ್ಛಾ, ನೀವು ಕೂರ್ಗ್‌ನವರಾ ಎಂದರು. ಸೋಮಶೇಖರ ತಿಪಟೂರಿನವನು. ಹಾಗೆಂದು ಹೇಳಬಹುದಿತ್ತು. ಆದರೆ ದೆಹಲಿಯಲ್ಲಿ ಹನ್ನೊಂದು ವರ್ಷ 'ಮದ್ರಾಸಿ' ಅನ್ನಿಸಿಕೊಂಡು ಸವೆದವನಿಗೆ, ಕೊಡಗೆಂದರೆ ಮನೆಯ ಬಾಗಿಲಿಗೇ ಬಂದಷ್ಟು ಸಮಾಧಾನವಾಯಿತು. ತಿದ್ದಲು ಹೋಗದೆ ತಲೆಯಾಡಿಸಿಬಿಟ್ಟ.

ಆ ತಲೆಯಾಡಿಸಿದ್ದರ ಫಲ ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ಥರ್ಮೋಕೋಲ್ ಡಬ್ಬದಲ್ಲಿ ಐಸಿನ ನಡುವೆ ಮಲಗಿಕೊಂಡು, ಆರ್.ಕೆ. ಪುರಂನ ಅವನ ಸರ್ಕಾರಿ ಕ್ವಾರ್ಟರ್ಸಿನ ಬಾಗಿಲಿಗೆ ಬಂತು. ಹೊತ್ತು ತಂದವನು ಇಲಾಖೆಯ ಕಾರು ಓಡಿಸುವ ಕೆಂಪಣ್ಣ. ಮದ್ದೂರಿನ ಕಡೆಯವನು. ಅದೇ ಬ್ಲಾಕಿನ ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ ಅವನ ವಾಸ.

"ಕಾಡುಹಂದಿ ಸಾರ್," ಎಂದ ಕೆಂಪಣ್ಣ. "ಸಾಹೇಬ್ರು ಕಳಿಸವ್ರೆ. ಅಡುಗೆ ಮಾಡಿ ಸಂಜೆ ಏಳಕ್ಕೆ ಮೋತಿ ಬಾಗ್‌ನಲ್ಲಿರೋ ಅವ್ರ ಮನೇಗೆ ತಲುಪಿಸ್ಬೇಕಂತೆ."

ವಿಷಯ ಇಷ್ಟು. ಸಾಹೇಬರ ಭಾವಮೈದ ಹೊರದೇಶದ ಮಾಂಸವನ್ನು ದೊಡ್ಡ ಹೋಟೆಲುಗಳಿಗೆ ತರಿಸಿಕೊಡುವ ವ್ಯಾಪಾರಿ. ಕಾಡುಹಂದಿ ಹೊಡೆಯುವುದು ನಮ್ಮಲ್ಲಿ ಅಪರಾಧ, ಆದರೆ ಇದು ಕಾಗದಪತ್ರ ಸಮೇತ ವಿಮಾನದಲ್ಲಿ ಬಂದಿಳಿದ ಹಂದಿ. ಸತ್ತ ಹಂದಿಯ ಕಾಗದಗಳು ಸಮುದ್ರ ದಾಟಿ ಬಂದಿದ್ದವು. ಸೋಮಶೇಖರನ ಮೈಸೂರು ವರ್ಗಾವಣೆಯ ಫೈಲು ಮೂರು ವರ್ಷವಾದರೂ ಕಚೇರಿಯ ಎರಡನೇ ಮಹಡಿಯಿಂದ ಮೂರನೆಯದಕ್ಕೆ ಹತ್ತಿರಲಿಲ್ಲ. ಹಿಂದಿನ ಸಲ ಸಾಹೇಬರ ಮನೆಯ ಅಡುಗೆಯವನು ಇದೇ ಮಾಂಸ ಬೇಯಿಸಿದಾಗ ಎದ್ದ ಕಾಡು ವಾಸನೆಗೆ ಮೇಡಂ ಮುನಿಸಿಕೊಂಡು ತವರಿಗೆ ಹೊರಟುಹೋಗಿದ್ದರಂತೆ. ಇನ್ನೊಮ್ಮೆ ಹಾಗಾದರೆ ಪಾತ್ರೆ ಬೀದಿಗೆ, ಸಾಹೇಬರೂ ಅದರ ಹಿಂದೆಯೇ ಎಂದು ಎಚ್ಚರಿಸಿದ್ದರಂತೆ. ಮಧುಚಂದ್ರಕ್ಕೆ ಕೂರ್ಗಿಗೆ ಹೋಗಿದ್ದ ಸಾಹೇಬರಿಗೆ ಅಲ್ಲಿಯ ಜನರಿಗೆ ಮಾತ್ರ ಆ ವಾಸನೆ ಬಿಡಿಸುವ ವಿದ್ಯೆ ಗೊತ್ತೆಂಬ ನಂಬಿಕೆ.

"ಇನ್ನೊಂದ್ ಮಾತು ಹೇಳು ಅಂದ್ರು ಸಾರ್. ನಿಮ್ ಫೈಲು ಅವ್ರ ಮೇಜಿನ್ ಮೇಲೇ ಐತಂತೆ. ನಾಳೆ ನೋಡ್ತಾರಂತೆ."

ಸೋಮಶೇಖರ ಹಂದಿಯಿರಲಿ, ಕೋಳಿಮೊಟ್ಟೆಯನ್ನೂ ಕೈಯಲ್ಲಿ ಹಿಡಿದವನಲ್ಲ. ಎದೆಯ ಮೇಲೆ ಲಿಂಗ, ಹಣೆಯ ಮೇಲೆ ವಿಭೂತಿ. ಬಾಗಿಲು ಹಾಕಿಕೊಳ್ಳಬೇಕೆನ್ನಿಸಿತು. ಆದರೆ ಆ ಫೈಲಿನೊಳಗೆ ಇದ್ದದ್ದು ಅವನ ಹೆಂಡತಿ ವಿಮಲಾಳ ಉಸಿರು. ದೀಪಾವಳಿ ಕಳೆದು ದೆಹಲಿಗೆ ಹೊಗೆ ಕವಿಯಿತೆಂದರೆ ಅವಳಿಗೆ ಉಬ್ಬಸ ಶುರು. ಈ ಗಾಳಿ ಬಿಟ್ಟುಹೋಗಿ, ಬೇರೆ ಔಷಧಿಯಿಲ್ಲ ಎಂದು ಡಾಕ್ಟರು ಎರಡು ಸಲ ಹೇಳಿಯಾಗಿತ್ತು. ಪಕ್ಕದಲ್ಲಿ ಮಲಗಿ ಅವಳ ಎದೆಯ ಸಿಳ್ಳೆ ಕೇಳಿ ಕೇಳಿ ಸೋಮಶೇಖರನಿಗೆ ಸಾಕಾಗಿಹೋಗಿತ್ತು. ಬರುವ ಚಳಿಗಾಲದೊಳಗೆ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋಗಿಬಿಡಬೇಕು, ಅದೊಂದು ಬಿಟ್ಟರೆ ಅವನಿಗೆ ಯಾವ ಆಸೆಯೂ ಉಳಿದಿರಲಿಲ್ಲ. ಡಬ್ಬ ಇಳಿಸಿಕೊಂಡ.

ವಿಮಲಾ ಜಗಳವಾಡಲಿಲ್ಲ. ಜಗಳಕ್ಕೂ ಉಸಿರು ಬೇಕು. "ಅದು ನನ್ನ ಅಡುಗೆಮನೆಗೆ ಬಂದ್ರೆ ನಾನು ಹೊರಗೆ ಹೋಗ್ಬೇಕಾಗುತ್ತೆ," ಎಂದಳು, "ಹೊರಗಿನ ಗಾಳಿ ನೋಡಿದ್ದೀರಲ್ಲ." ಹೀಗಾಗಿ ಕಾಡುಹಂದಿ ಮೆಟ್ಟಿಲು ಹತ್ತಿ ತಾರಸಿಗೆ, ಕೆಂಪಣ್ಣನ ಒಲೆಯ ಬುಡಕ್ಕೆ ಹೋಯಿತು.

ಕೆಂಪಣ್ಣನಿಗೆ ನಾಟಿಹಂದಿ ಗೊತ್ತಿತ್ತೇ ಹೊರತು ಕಾಡಿನದಲ್ಲ. ವಾಸನೆಯೆಲ್ಲ ಕೊಬ್ಬಿನಲ್ಲೇ ಇರುತ್ತದೆಂದು ಅವನ ಅಂದಾಜು. ಚಾಕು ಮಸೆದು ಕೊಬ್ಬನ್ನೂ ಬಿಳಿಯ ಪೊರೆಯನ್ನೂ ಹೆರೆದು ಹೆರೆದು ಪಕ್ಕಕ್ಕೆ ಗುಡ್ಡೆ ಹಾಕಿದ. ಸೋಮಶೇಖರ ನೀರಿನ ಟ್ಯಾಂಕಿನ ಹಿಂದೆ ನಿಂತು, ಮುಖ ಆ ಕಡೆ ಮಾಡಿಕೊಂಡು ಮೇಲ್ವಿಚಾರಣೆ ನಡೆಸಿದ. ಅವನ ಕಷ್ಟವೇ ಬೇರೆ. ನವೆಂಬರಿನ ದೆಹಲಿಯಲ್ಲಿ ಎಲ್ಲರಂತೆ ಅವನ ಮೂಗೂ ಕಟ್ಟಿತ್ತು. ವಾಸನೆ ಎಷ್ಟಿದೆ, ಎಷ್ಟು ಹೋಗಿದೆ, ಯಾವುದೂ ತಿಳಿಯುವಂತಿರಲಿಲ್ಲ. ಬಾಯಿಗೆ ಹಾಕಿ ನೋಡುವ ಮಾತಂತೂ ಇಲ್ಲವೇ ಇಲ್ಲ. ಬೇರೆಯವರ ಮೂಗಿನ ಮೇಲೆ ಅವನ ಹಣೆಬರಹ ನಿಂತಿತ್ತು.

ಕೆಂಪಣ್ಣನನ್ನು ಕೇಳಿದರೆ, ಎಂಥ ವಾಸನೆಯೂ ಇಲ್ಲ ಬಿಡಿ ಎಂದ. ಅವನು ಇಪ್ಪತ್ತು ವರ್ಷ ಈ ಊರಿನ ರಸ್ತೆಯಲ್ಲಿ ಕಿಟಕಿ ಇಳಿಸಿಕೊಂಡು ಕಾರು ಓಡಿಸಿದವನು, ಅವನ ಮೂಗನ್ನು ನಂಬುವ ಹಾಗಿರಲಿಲ್ಲ. ಅಷ್ಟರಲ್ಲಿ ಒಂದು ಕೋತಿ ಟ್ಯಾಂಕಿನ ಮೇಲಿಂದ ಇಳಿದು ಬಂದು ಡಬ್ಬಕ್ಕೆ ಮುಖವಿಟ್ಟಿತು. ಮದುವೆ ಮನೆಯಲ್ಲಿ ಉಪ್ಪಿಲ್ಲದ ಸಾರು ಬಡಿಸಿಕೊಂಡ ಬೀಗರ ಹಾಗೆ ಸೋಮಶೇಖರನನ್ನೊಮ್ಮೆ ನೋಡಿ, ಹೊರಟೇಹೋಯಿತು. ವಾಸನೆ ಇದೆ ಎಂದು ಅವನಿಗೆ ಆಗ ಖಾತ್ರಿಯಾಯಿತು.

ಮೂರನೇ ಮಹಡಿಯ ಚಂದ್ರಪ್ರಭಾ ಹಪ್ಪಳ ಒಣಗಿಸಲು ಮೇಲೆ ಬಂದದ್ದು ಆಗಲೇ. ಬ್ಲಾಕಿನ ಕನ್ನಡ ಮಹಿಳೆಯರ ಗುಂಪಿಗೆ ಆಕೆಯೇ ಮುಖಂಡಳು. ಆಕೆಯೂ ಸಸ್ಯಾಹಾರಿ, ಆದರೆ ಗಂಡನ ಕೆಲಸದ ಮೇಲೆ ಎರಡು ವರ್ಷ ಮಡಿಕೇರಿಯಲ್ಲಿದ್ದು, ತಿನ್ನದೆಯೇ ಎಲ್ಲ ತಿಳಿದುಕೊಂಡು ಬಂದಿದ್ದಳು.

"ಹುಳಿ ಮಜ್ಜಿಗೆಯಲ್ಲಿ ನೆನೆಹಾಕ್ಬೇಕು ಸೋಮಶೇಖರ್ ಅವ್ರೇ," ಎಂದಳು ಸೆರಗಿನಿಂದ ಮೂಗು ಮುಚ್ಚಿಕೊಂಡು. "ಉಪ್ಪುನೀರಲ್ಲಿ ನಾಕು ಸಲ ತೊಳೆದ ಮೇಲೆ."

ಸೋಮಶೇಖರ ಹಾಲಿನ ಬೂತಿಗೆ ಓಡಿದ. ಮಜ್ಜಿಗೆ ಹುಳಿಯಾಗಿದೆಯಾ ಭಯ್ಯಾ ಎಂದು ಕೇಳಿದ್ದಕ್ಕೆ ಬೂತಿನವನು ಅವಮಾನವಾದಂತೆ, ಎಲ್ಲ ತಾಜಾ ಎಂದ. ಹುಳಿಯಾದದ್ದೇ ಬೇಕೆಂದು ವಿವರಿಸುವುದರೊಳಗೆ ಹಿಂದೆ ಸಾಲು ಬೆಳೆದಿತ್ತು. ಕೊನೆಗೆ ತಾಜಾ ಮಜ್ಜಿಗೆ ಕೊಂಡು, ಅದಕ್ಕೆ ನಿಂಬೆಹಣ್ಣು ಹಿಂಡುವುದೆಂದು ತೀರ್ಮಾನಿಸಿ ವಾಪಸಾದ.

ಅವನು ಬರುವಷ್ಟರಲ್ಲಿ ತಾರಸಿಯ ಮೇಲೆ ಹದ್ದುಗಳು ಸುತ್ತುತ್ತಿದ್ದವು. ಕೆಂಪಣ್ಣ ನೀರು ಹಿಡಿಯಲು ತಿರುಗಿದ್ದೇ ತಡ, ಒಂದು ಹದ್ದು ಎರಗಿ ಕೊಬ್ಬಿನ ತುಂಡನ್ನು ಕಚ್ಚಿಕೊಂಡು ಹಾರಿತು. ಇನ್ನೊಂದು ಅದರ ಮೇಲೆ ಬಿತ್ತು. ಎರಡರ ಕಿತ್ತಾಟದಲ್ಲಿ ತುಂಡು ಜಾರಿ, ಚಂದ್ರಪ್ರಭಾಳ ಹಪ್ಪಳಗಳ ನಟ್ಟನಡುವೆ ಬಿದ್ದಿತು.

ಆಕೆ ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. ಬದಲಿಗೆ ಹಪ್ಪಳದ ಬಟ್ಟೆಯನ್ನು ನಾಲ್ಕು ಮೂಲೆ ಸೇರಿಸಿ ಎತ್ತಿ, ಕಸದ ತೊಟ್ಟಿಗೆ ಹಾಕಿ, ಕೆಳಗಿಳಿದು ಹೋಗಿ ಬ್ಲಾಕಿನ ವಾಟ್ಸಾಪ್ ಗುಂಪಿಗೆ ಒಂದೇ ಸಾಲು ಬರೆದಳು. ಮಧ್ಯಾಹ್ನದ ಊಟದ ಹೊತ್ತಿಗೆ ಸುದ್ದಿ ಆರ್.ಕೆ. ಪುರಂ ದಾಟಿತ್ತು. ಇನ್ನೊಂದಿಷ್ಟು ಹೊತ್ತಿಗೆ ತಿಪಟೂರಿನಿಂದ ವಿಮಲಾಳ ತಮ್ಮ ಫೋನು ಮಾಡಿ, "ಭಾವ, ಲಿಂಗ ಮೈಮೇಲಿದೆಯೋ, ಬಿಚ್ಚಿಟ್ಟು ಕೂತಿದ್ದೀರೋ?" ಎಂದು ತಣ್ಣಗೆ ಕೇಳಿದ. ಸೋಮಶೇಖರ ಸಿಗ್ನಲ್ ಇಲ್ಲವೆಂದು ಹೇಳಿ ಇಟ್ಟುಬಿಟ್ಟ.

ಮಜ್ಜಿಗೆಯಲ್ಲಿ ನೆನೆಸಿದ್ದಾಯಿತು. ಹತ್ತನೇ ತರಗತಿಯಲ್ಲಿ ಓದುತ್ತಿದ್ದ ಮಗಳು ಅದಿತಿಯನ್ನು ಕರೆದು ತಾರಸಿಯ ಬಾಗಿಲಲ್ಲಿ ನಿಲ್ಲಿಸಿದ. ಮನೆಯಲ್ಲಿ ಕಟ್ಟದೆ ಉಳಿದಿದ್ದ ಮೂಗು ಅವಳದೊಂದೇ.

"ಅಪ್ಪಾ, ಅಭೀ ಭೀ ವಾಸನೆ ಇದೆ," ಎಂದಳು ದೆಹಲಿಯ ಶಾಲೆಯಲ್ಲಿ ಅರ್ಧ ಹಿಂದಿಯಾಗಿದ್ದ ಅವಳು. ಆಮೇಲೆ ಮೊಬೈಲು ನೋಡಿ, "ಇದರಲ್ಲಿ ಬೋಲ್ ರಹಾ ಹೈ, ಶುಂಠಿ, ಅರಿಶಿನ ಹಾಕಿ ಒಮ್ಮೆ ಬಾಯಿಲ್ ಮಾಡಿ ಆ ನೀರು ಚೆಲ್ಲಬೇಕಂತೆ."

ಕುದಿಸಿ ಚೆಲ್ಲಿದರು. ಚೆಲ್ಲಿದ ನೀರು ತಾರಸಿಯ ಕೊಳವೆಯಲ್ಲಿ ಇಳಿಯಿತು. ಆ ಕೊಳವೆ ನಾಲ್ಕೂ ಮಹಡಿಗಳ ಅಡುಗೆಮನೆ ಕಿಟಕಿಗಳ ಪಕ್ಕದಲ್ಲೇ ಹಾದುಹೋಗುತ್ತದೆಂಬುದನ್ನು ಯಾರೂ ಯೋಚಿಸಿರಲಿಲ್ಲ, ಅದಕ್ಕೆ ಬಿರುಕುಗಳಿದ್ದದ್ದನ್ನೂ. ಕಿಟಕಿಗಳು ಒಂದೊಂದಾಗಿ ದಡಬಡ ಮುಚ್ಚಿಕೊಂಡವು. ಹಂದಿಯ ವಾಸನೆ ಹಂದಿಯನ್ನು ಬಿಟ್ಟು ಬ್ಲಾಕಿಗೆ ಹಿಡಿಯಿತು. ನೆಲಮಹಡಿಯವರೊಬ್ಬರು ಮೇಲೆ ಹತ್ತಿ ಬಂದು, ಇದು ಸರ್ಕಾರಿ ಕಟ್ಟಡವೆಂದು ನೆನಪು ಮಾಡಿಕೊಟ್ಟು ಹೋದರು. ಅವರೂ ವಾಸನೆ ಹೋಗಲು ಲವಂಗ ಹಾಕಿ ಎಂಬ ಸಲಹೆ ಕೊಡದೆ ಇಳಿಯಲಿಲ್ಲ.

ಮತ್ತೆ ತೊಳೆದರು, ಮತ್ತೆ ಕುದಿಸಿದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎನ್ನಿಸಿ ಸೋಮಶೇಖರ ಟ್ಯಾಂಕಿಗೊರಗಿ ಕೂತುಬಿಟ್ಟ. ಸೂರ್ಯ ಹೊಗೆಯೊಳಗೆ ತಾಮ್ರದ ತಂಬಿಗೆಯ ತಳದಂತೆ ಕಾಣುತ್ತಿತ್ತು. ಕೆಳಗಿಂದ ವಿಮಲಾ ಕೆಮ್ಮುವುದು ಕೇಳಿಸಿತು. ಮೈಸೂರಿನಲ್ಲಿ ಈ ಹೊತ್ತಿಗೆ ಬಾಗಿಲು ತೆಗೆದಿಟ್ಟುಕೊಂಡೇ ಕೂರಬಹುದು ಎಂದುಕೊಂಡು ಎದ್ದು, ಬೆಳ್ಳುಳ್ಳಿ ಸುಲಿಯತೊಡಗಿದ.

ಕೊನೆಯ ಪಾಕ ಕೆಂಪಣ್ಣನದು. ಹುರಿದ ಕರಿಮೆಣಸು, ಕೊತ್ತಂಬರಿ, ಜೀರಿಗೆ ಅರೆದು ಹಾಕಿದ. ಕೊಡಗಿನ ಹುಳಿ ಸಿಗದೆ ವಿನಿಗರ್ ಸುರಿದ. ಸಣ್ಣ ಉರಿಯಲ್ಲಿ ಮುಚ್ಚಿಟ್ಟು ತಾಳ್ಮೆಯಿಂದ ಕಾದ. ಬತ್ತಿದ ಮೇಲೆ ಅದಿತಿ ಬಂದು ಮೂಸಿದಳು. ಈ ಸಲ ಇನ್ನೂ ಎರಡು ಹೆಜ್ಜೆ ಮುಂದೆ ಬಂದು ಮೂಸಿದಳು.

"ಅಬ್ ಸಿರ್ಫ್ ಮೆಣಸಿನ ವಾಸನೆ ಅಪ್ಪಾ. ಸಚ್ಚೀ."

ಕೆಂಪಣ್ಣ ಒಂದು ತುಂಡು ಬಾಯಿಗೆ ಹಾಕಿ ಕಣ್ಣು ಮುಚ್ಚಿದ. ಎರಡನೆಯದನ್ನೂ ಹಾಕಿದ. ಮೂರನೆಯದಕ್ಕೆ ಕೈ ಹೋದಾಗ ಸೋಮಶೇಖರ ಪಾತ್ರೆಯ ಮುಚ್ಚಳ ಹಾಕಿದ. ಆ ದಿನ ಮೊದಲ ಸಲ ಅವನ ಮುಖದಲ್ಲಿ ನಗು ಕಂಡಿತು.

ಮೋತಿ ಬಾಗಿನಲ್ಲಿ ಭಾಟಿಯಾ ಸಾಹೇಬರು ಬಡಿಸಿಕೊಂಡು ಮೊದಲ ತುತ್ತು ನುಂಗುವ ಮುಂಚೆಯೇ ಎರಡನೆಯದಕ್ಕೆ ಕೈ ಹಾಕಿದರು. ಭಾವಮೈದ ಪಾತ್ರೆಯನ್ನು ತನ್ನ ಕಡೆಗೆ ಎಳೆದುಕೊಂಡ. ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡಿದ್ದ ಮೇಡಂ ಮೆಲ್ಲಗೆ ಹೊರಗೆ ಬಂದು, ಗಾಳಿ ಮೂಸಿ, ತಟ್ಟೆ ತರಿಸಿಕೊಂಡರು. ಎರಡನೇ ಸಲ ತಾವೇ ಬಡಿಸಿಕೊಂಡರು. ಗೋಡೆಗೆ ಒತ್ತಿ ನಿಂತಿದ್ದ ಸೋಮಶೇಖರನ ಹೊಟ್ಟೆ ಊಟವಿಲ್ಲದೆಯೇ ತುಂಬಿತು.

ಸಾಹೇಬರು ಕೈ ತೊಳೆದುಕೊಂಡು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಹಿಂದಿಯಲ್ಲಿ ಆಡಿದ ಮಾತು ಹೀಗಿತ್ತು: "ಸೋಮಶೇಖರ್‌ಜೀ, ನಾಳೆ ನಿಮ್ಮ ಫೈಲಿಗೆ ಸಹಿ ಹಾಕಿ ಮೇಲಕ್ಕೆ ಕಳಿಸೋದು ಅಂತಿದ್ದೆ. ಇನ್ನು ಅದು ಸಾಧ್ಯವಿಲ್ಲ. ಈ ಮನೆಯಲ್ಲಿ ಶಾಂತಿ ತಂದ ಕೈಯನ್ನು ಮೈಸೂರಿಗೆ ಕಳಿಸಿ ನಾನು ಬದುಕೋದು ಹೇಗೆ?"

ಸೋಮಶೇಖರ ಕೈ ಮುಗಿದ. ಇನ್ನು ಮುಚ್ಚುಮರೆ ಮಾಡಿ ಪ್ರಯೋಜನವಿಲ್ಲ, ನಿಜ ಹೇಳಿದರೆ ತನ್ನ ಅಗತ್ಯ ಸಾಹೇಬರಿಗೆ ತಪ್ಪುತ್ತದೆ ಎಂದು ಒಂದೇ ಉಸಿರಿಗೆ ಎಲ್ಲವನ್ನೂ ಕಕ್ಕಿಬಿಟ್ಟ. ತಾನು ಕೂರ್ಗಿನವನಲ್ಲ. ಮಾಂಸ ತಿನ್ನುವವನೇ ಅಲ್ಲ. ಬೇಯಿಸಿದವನು ಕೆಂಪಣ್ಣ, ಉಪಾಯ ಹೇಳಿದ್ದು ನೆರೆಯವರು, ಮೂಸಿ ನೋಡಿದ್ದು ಮಗಳು. ತನ್ನ ಮೂಗು ಕಟ್ಟಿ ಎರಡು ವಾರವಾಯಿತು.

ಸಾಹೇಬರು ಕೋಪಿಸಿಕೊಳ್ಳಲಿಲ್ಲ. ಕುರ್ಚಿಯಲ್ಲಿ ಕೂತು ಅವನನ್ನು ಹೊಸದಾಗಿ ಕಂಡವರಂತೆ ನೋಡಿದರು.

"ಅಂದ್ರೆ ನೀವು ಮುಟ್ಟಿಲ್ಲ, ಮೂಸಿಲ್ಲ, ರುಚಿ ನೋಡಿಲ್ಲ. ಕೆಲಸದ ಗಂಧಗಾಳಿ ಇಲ್ಲದೆ, ಯಾರ ಯಾರ ಕೈಯಲ್ಲೋ ಮಾಡಿಸಿ, ಏಳು ಗಂಟೆಗೆ ಸರಿಯಾಗಿ ಮೇಜಿನ ಮೇಲೆ ತಂದಿಟ್ಟಿದ್ದೀರಿ." ಅವರ ದನಿಯಲ್ಲಿ ಭಕ್ತಿ ಇತ್ತು. "ಅಡುಗೆಯವರು ಎಲ್ಲಿ ಬೇಕಾದರೂ ಸಿಗ್ತಾರೆ. ಇಲಾಖೆ ನಡೆಸೋದಕ್ಕೆ ಇಂಥವರು ಎಲ್ಲಿ ಸಿಗ್ತಾರೆ? ಹೊಸ ಸೆಕ್ಷನ್ನು ನಿಮಗೇ. ಇನ್ನು ಮೂರು ವರ್ಷ ನೀವು ದೆಹಲಿ ಬಿಡೋ ಮಾತೇ ಇಲ್ಲ."

ಸೋಮಶೇಖರ ಥ್ಯಾಂಕ್ಯೂ ಸರ್ ಎಂದ. ಖಾಲಿ ಪಾತ್ರೆ ಎತ್ತಿಕೊಂಡು ಹೊರಟ.

ಮನೆಗೆ ಬಂದಾಗ ವಿಮಲಾ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದಳು. ಏನಾಯಿತೆಂದು ಕಣ್ಣಲ್ಲೇ ಕೇಳಿದಳು. ಅವನು ಚಪ್ಪಲಿ ಬಿಟ್ಟು, ಅವಳ ಕಾಲ ಬಳಿ ಕೂತು, ಆದದ್ದನ್ನೆಲ್ಲ ಮುಚ್ಚಿಡದೆ ಹೇಳಿದ. ಅವಳು ಬೈಯಲಿಲ್ಲ, ಅಳಲಿಲ್ಲ. ಉಸಿರು ಹದಕ್ಕೆ ಬರಲು ಸ್ವಲ್ಪ ಹೊತ್ತು ಕಾದಳು.

"ಅಲ್ಲ ರೀ," ಎಂದಳು ಆಮೇಲೆ, "ಮದುವೆಯಾದಾಗಿಂದ ಒಂದು ಕೆಲಸಾನೂ ನೆಟ್ಟಗೆ ಮಾಡಿದವರಲ್ಲ. ಇವತ್ತೇ ಮಾಡ್ಬೇಕಿತ್ತಾ?"