ದೇವಲಾಪುರದ ಬಿಟ್ಟಿ ಸಿಪಾಯಿ

“ಇದ್ಯಾಕೆ ಇಲ್ಲಿಗೆ ಬಂತು?”

ಚಲುವರಾಜು ಈ ಪ್ರಶ್ನೆಯನ್ನು ಯಾರನ್ನೂ ಕೇಳಲಿಲ್ಲ. ಅದು ತಾನಾಗಿಯೇ ಬಾಯಿಂದ ಹೊರಬಿದ್ದು, ದೇವಲಾಪುರದ ಮಿಲ್ಟ್ರಿ ಶಿವಲಿಂಗಯ್ಯನವರ ನಡುಮನೆಯನ್ನೆಲ್ಲ ಒಂದು ಸುತ್ತು ಹಾಕಿ, ಉತ್ತರ ಸಿಗದೆ ಮತ್ತೆ ಚದುರಂಗದ ಹಲಗೆಯ ಮೇಲೆಯೇ ಬಂದು ಕೂತಿತು.

‘ಇದು’ ಎಂದರೆ ಒಂದು ಬಿಳಿ ಸಿಪಾಯಿ. ಆಟ ಶುರುವಾಗಿ ಇನ್ನೂ ಎರಡನೇ ನಡೆ. ಅಷ್ಟರಲ್ಲೇ ಆ ಸಿಪಾಯಿ ಅಂಚಿನ ಪಕ್ಕದ ಸಾಲಿನಿಂದ ಎರಡು ಮನೆ ಮುಂದೆ ಬಂದು, ಚಲುವರಾಜುವಿನ ಕರಿ ಸಿಪಾಯಿಯ ಮುಂದೆ ಕ್ಷೌರಕ್ಕೆ ಕೂತವನ ಹಾಗೆ ಕತ್ತು ಚಾಚಿ ನಿಂತಿತ್ತು. ಅದರ ಹಿಂದೆ ಕಾವಲಿಗೆ ಒಂದು ನರಪಿಳ್ಳೆಯೂ ಇರಲಿಲ್ಲ.

ಚಲುವರಾಜು ದೇವಲಾಪುರಕ್ಕೆ ಬಂದದ್ದು ಚದುರಂಗ ಆಡಲಿಕ್ಕಲ್ಲ, ಹೆಣ್ಣು ನೋಡಲಿಕ್ಕೆ. ಬೂಕನಕೆರೆಯ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ ಅವನದು. ವಯಸ್ಸು ಮೂವತ್ತೆರಡು. ಇದಕ್ಕೆ ಮುಂಚೆ ನಾಲ್ಕು ಹೆಣ್ಣು ನೋಡಿದ್ದ. ನಾಲ್ವರೂ ಅವನನ್ನು ನೋಡಿ ಒಲ್ಲೆ ಅಂದಿದ್ದರು. ಐದನೆಯದಕ್ಕೆ ಸೋದರಮಾವ ಮಂಚಯ್ಯ ತಾನೇ ಮುಂದೆ ನಿಂತ. ‘ಹುಡುಗ ಡಿಗ್ರಿ ಮಾಡವ್ನಾ?’ ಎಂದು ಹೆಣ್ಣಿನ ಕಡೆಯವರು ಕೇಳಿದಾಗ, ‘ಮಾಡದೇನು ಬಂತು, ದಿನಾ ಬೆಳಿಗ್ಗೆ ಸಾಯಂಕಾಲ ಎರಡೊತ್ತೂ ಡಿಗ್ರೀನೇ ನೋಡ್ತಾನೆ’ ಅಂದವನು ಅವನು. ಹಾಲಿನ ಡಿಗ್ರಿ ಎಂಬ ಮಾತನ್ನು ನುಂಗಿಕೊಂಡಿದ್ದ.

ಶಿವಲಿಂಗಯ್ಯನವರು ಮಿಲ್ಟ್ರಿಯಲ್ಲಿ ಒಬ್ಬ ಕರ್ನಲ್ಲಿಗೆ ಇಪ್ಪತ್ತು ವರ್ಷ ಅಡುಗೆ ಮಾಡಿ ಹಾಕಿ, ಅವನಿಂದ ಚದುರಂಗ ಕಲಿತು ಬಂದವರು. ಹಿರಿಯ ಮೂವರು ಹೆಣ್ಣುಮಕ್ಕಳ ಮದುವೆಯಾಗಿತ್ತು. ಕೊನೆಯವಳು ಪ್ರಮೀಳಾ. ಬಂದ ಹುಡುಗನನ್ನು ಹಲಗೆಯ ಮುಂದೆ ಕೂರಿಸಿ ಒಂದಾಟ ಆಡಿದ ಮೇಲೆಯೇ ಮುಂದಿನ ಮಾತು ಎಂಬುದು ಅವರ ಕಟ್ಟುಪಾಡು. ಈ ಸುದ್ದಿ ತಿಳಿದ ದಿನದಿಂದ ಮಂಚಯ್ಯ ಒಂದು ತಿಂಗಳು ಅಳಿಯನನ್ನು ಆಟಕ್ಕೆ ತಯಾರು ಮಾಡಿಸಿದ್ದ. ಪಾಂಡವಪುರದ ಒಬ್ಬ ಮೇಷ್ಟ್ರ ಹತ್ತಿರ ಇಂಗ್ಲಿಷ್ ಪುಸ್ತಕವೊಂದಿತ್ತು. ‘ಮನೆಯವರು ಯಾವಾಗಲೂ ಬಿಳಿ ಕಾಯಿ ಹಿಡೀತಾರೆ, ನೀನು ಕರಿಯಲ್ಲಿ ಆಡಬೇಕು, ಹಾಗಾಗಿ ಸಿಸಿಲಿಯನ್ ಆಟ ಒಂದನ್ನ ಕಲಿ’ ಅಂದಿದ್ದರು ಮೇಷ್ಟ್ರು. ಚಲುವರಾಜು ಕಲಿತ. ಎರಡನೇ ನಡೆಗೆ ಬಿಳಿಯವರ ಕುದುರೆ ಹೊರಗೆ ಬರಬೇಕು. ಪುಸ್ತಕದಲ್ಲಿ ಪ್ರತಿಯೊಂದು ಚಿತ್ರದಲ್ಲೂ ಬಂದಿತ್ತು. ಇಲ್ಲಿ ಕುದುರೆ ಲಾಯದಲ್ಲೇ ಇತ್ತು. ಸಿಪಾಯಿ ಬಂದು ಕತ್ತು ಚಾಚಿತ್ತು.

“ತಕ್ಕಳಿ, ಬಿಟ್ಟಿ ಕೊಡ್ತಾ ಇವ್ನಿ” ಎಂದರು ಶಿವಲಿಂಗಯ್ಯನವರು.

ಚಲುವರಾಜು ಕೈ ಮುಂದೆ ಮಾಡಿದ. ಮಂಚಯ್ಯ ಹಿಂದಿನಿಂದ ಅವನ ಅಂಗಿ ಎಳೆದ. ಬೆಳಿಗ್ಗೆ ಹೊಸ್ತಿಲು ದಾಟುತ್ತಲೇ ಈ ಮಾವ, ‘ನಮ್ಗೇನೂ ಬ್ಯಾಡ, ವರದಕ್ಷಿಣೆ ಅಂತ ಒಂದು ಚಮಚನೂ ಮುಟ್ಟಾಕಿಲ್ಲ’ ಎಂದು ಇಡೀ ಬೀದಿಗೆ ಕೇಳುವ ಹಾಗೆ ಸಾರಿದ್ದ.

“ಪರೀಕ್ಸೆ ಕಣ್ಲಾ ಇದು” ಎಂದು ಕಿವಿಯಲ್ಲಿ ಊದಿದ. “ಬಿಟ್ಟಿ ಅಂದೇಟ್ಗೆ ಕೈ ಚಾಚ್ತಾನಾ ಅಂತ ನೋಡ್ತಾವ್ರೆ. ಬ್ಯಾಡ ಅನ್ನು.”

ಚಲುವರಾಜು ಕೈ ಹಿಂದಕ್ಕೆ ತೆಗೆದುಕೊಂಡ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಿವಲಿಂಗಯ್ಯನವರ ಹೆಂಡತಿ ಮಂಚಮ್ಮ ಮುಖ ಸಣ್ಣಗೆ ಮಾಡಿದರು.

“ನಮ್ಮನೇದು ಅಂದ್ರೆ ಅಷ್ಟು ಸದ್ರವಾ? ಇವತ್ತು ಇದು ಬ್ಯಾಡ ಅಂದೋರು ನಾಳೆ ಹುಡುಗೀನೂ ಬ್ಯಾಡ ಅಂತಾರೆ.”

“ತಕ್ಕಳ್ಳಾ ಮತ್ತೆ!” ಎಂದ ಮಂಚಯ್ಯ, ಅದೇ ಬಾಯಲ್ಲಿ.

ಚಲುವರಾಜು ಎರಡೂ ಕೈ ಚಾಚಿ, ಪ್ರಸಾದ ತೆಗೆದುಕೊಳ್ಳುವ ಹಾಗೆ ಆ ಸಿಪಾಯಿಯನ್ನು ತೆಗೆದುಕೊಂಡ. ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. ಶಿವಲಿಂಗಯ್ಯನವರು ಕಣ್ಣೂ ಮಿಟುಕಿಸದೆ ಅಂಚಿನ ಸಿಪಾಯಿಯನ್ನು ಒಂದು ಮನೆ ಮುಂದೆ ತಂದರು. ಇನ್ನೊಂದು ಬಿಟ್ಟಿ! ದಾನ ಕೊಡುವವರು ಒಂದು ಸಲ ಕೊಟ್ಟರೆ ಧರ್ಮ. ಮೇಲಿಂದ ಮೇಲೆ ಕೊಟ್ಟರೆ ತೆಗೆದುಕೊಳ್ಳುವವನ ಎದೆ ನಡುಗುತ್ತದೆ. ತಿಂಗಳ ಓದೆಲ್ಲ ಹೊಳೆಗೆ ಹೋಯಿತಲ್ಲ ಎಂಬ ಸಂಕಟದಲ್ಲಿ ಚಲುವರಾಜು ಗೊಣಗಿಕೊಂಡ:

“ಸಿಸಿಲಿಯನ್ ನಂಬ್ಕಂಡು ಬಂದೆ. ಸಿಸಿಲಿಯನ್ ಬಿಟ್ರೆ ನಂಗೆ ಬೇರೆ ಯಾವ್ದೂ ಗೊತ್ತಿಲ್ಲ.”

ಮೆಲ್ಲಗೇ ಅಂದ. ಆದರೆ ಹೆಣ್ಣು ನೋಡುವ ಮನೆಯಲ್ಲಿ ಗೋಡೆಗೂ ಕಿವಿಯಿರುತ್ತದೆ; ಬಾಗಿಲಲ್ಲಿದ್ದ ಮಂಚಮ್ಮನಿಗೆ ಇರಲಾರದೇ? ಒಳಗೆ ಉಪ್ಪಿಟ್ಟು ತಿರುವುತ್ತಿದ್ದ ಸೌಟು ನಿಂತಿತು.

“ಯಾವಳಪ್ಪಾ ಅವ್ಳು ಸಿಸಿಲಿ?” ಎಂದರು ಮಂಚಮ್ಮ.

ಪಕ್ಕದ ಮನೆಯ ಮಾಯಮ್ಮ ಸಕ್ಕರೆ ಕೇಳುವ ನೆಪದಲ್ಲಿ ಬಂದು ಒಂದು ಗಂಟೆಯಿಂದ ಅಡುಗೆಮನೆಯಲ್ಲೇ ಇದ್ದವಳು, ಈಗ ಬರಿಗೈಯಲ್ಲೇ ಹೊರಗೆ ಬಂದಳು. “ನಾಗಮಂಗಲದ ಆಸ್ಪತ್ರೇಲಿ ಒಬ್ಳು ಸಿಸಿಲಿ ಇದ್ಲು ಕಣಕ್ಕಾ. ಕೇರಳದೋಳು. ಸೂಜಿ ಚುಚ್ಚಿದ್ರೆ ನೋವೇ ಆಗ್ತಿರ್ನಿಲ್ಲ. ಅವ್ಳೇನಾ?”

ಅಳಿಯನ ಮಾನ ಕಾಪಾಡಲು ಮಂಚಯ್ಯ ಮುಂದೆ ಬಂದ.

“ಅಯ್ಯೋ, ಅದಾ! ಅದೇನೂ ಮುಚ್ಚಿಡೋ ಇಸ್ಯ ಅಲ್ಲ ಕಣವ್ವ. ಒಂದು ತಿಂಗ್ಳಿಂದ ಇವ್ನು ಅದ್ರ ಜೊತ್ಗೇ ಇದ್ದ. ಪಾಂಡವಪುರದ ಮೇಷ್ಟ್ರ ಮನೆಯಿಂದ ತಂದು ಮನೇಲೇ ಇಟ್ಕಂಡಿದ್ದ. ಮಲಗುವಾಗ್ಲೂ ಪಕ್ಕದಲ್ಲೇ. ಅವ್ರಮ್ಮ ಪುಟ್ಟಗೌರಮ್ಮನೂ ಏನೂ ಅನ್ನಲಿಲ್ಲ, ಕಲೀಲಿ ಬುಡು ಅಂದ್ಲು. ಮೊನ್ನೆ ತಕ್ಕೊಂಡೋಗಿ ವಾಪಸ್ ಕೊಟ್ಟ. ಒಂದು ಕಡೆ ಹರಿದೋಗಿತ್ತು, ಆದ್ರೂ ಪಾಪ ಮೇಷ್ಟ್ರು ಒಂದು ಮಾತು ಅನ್ನಲಿಲ್ಲ.”



“ವಾಪಸ್ ಕೊಟ್ಟ್ನಂತೆ!” ಎಂದಳು ಮಾಯಮ್ಮ ಎದೆ ಮೇಲೆ ಕೈಯಿಟ್ಟುಕೊಂಡು.

“ಉಪ್ಪಿಟ್ಟು ಇಳ್ಸಮ್ಮಿ, ಪ್ರಮೀಳಾ. ಯಾರ್ಗೂ ಹಾಕ್ಬ್ಯಾಡ” ಎಂದರು ಮಂಚಮ್ಮ.

ಐದನೆಯ ಹೆಣ್ಣೂ ಕೈತಪ್ಪಿತು ಎಂದು ಚಲುವರಾಜು ಚಪ್ಪಲಿ ಬಿಟ್ಟ ಜಾಗ ನೆನಪಿಸಿಕೊಳ್ಳುತ್ತಿದ್ದಾಗ, ಇಷ್ಟು ಹೊತ್ತೂ ಹಲಗೆಯಿಂದ ತಲೆ ಎತ್ತದಿದ್ದ ಶಿವಲಿಂಗಯ್ಯನವರು ತಲೆ ಎತ್ತದೆಯೇ ಮಾತಾಡಿದರು.

“ಸಿಸಿಲಿಯನ್ ಅಂದ್ರೆ ಎಂಗ್ಸಲ್ಲ ಕಣಮ್ಮಿ. ಈ ಆಟದಲ್ಲಿ ಒಂದು ವರಸೆ. ಇಟಲಿ ಕಡೆ ಹೆಸ್ರು. ಇವ್ರು ಓದಿರೋದು ಪುಸ್ತಕ.”

“ಇಟಲಿಯೋಳಾ? ಅಷ್ಟು ದೂರದೋಳಾ?” ಎಂದಳು ಮಾಯಮ್ಮ. ಅವಳಿಗೆ ಸಕ್ಕರೆ ಕೊಟ್ಟು ಕಳಿಸಲಾಯಿತು.

ಉಪ್ಪಿಟ್ಟು ಬಂತು. ತಿಂದು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಆ ಮನೆಯ ಹಿರಿಯ ಅಳಿಯ ದೇವರಾಜು ಹಿಂದೆಯೇ ಬಂದ. ಬೆಳಗಿನಿಂದ ಕಂಬಕ್ಕೆ ಒರಗಿ ಬಾಯಿ ಬಿಡದೆ ಕೂತಿದ್ದ ಮನುಷ್ಯ.

“ನಾಳೆ ಷಡ್ಡಕ ಆಗೋನು ನೀನು, ಅದ್ಕೇ ಒಂದು ಮಾತು” ಎಂದ. “ಸೋತ್ಬುಡು. ನಾನು ಹನ್ನೊಂದು ವರ್ಸದಿಂದ ಸೋಲ್ತಾ ಇವ್ನಿ. ವರ್ಸ್ತೊಡಕಿಗೆ ಮೂರಾಟ, ಮಾರ್ಲಮಿ ಹಬ್ಬಕ್ಕೆ ಮೂರಾಟ. ಆ ಎರಡನೇ ಸಿಪಾಯಿನೂ ತಿಂದ್ಬುಡು, ಸಾಕು. ಆಮೇಲೆ ನೀನೇನೂ ಮಾಡ್ಬೇಕಾಗಿಲ್ಲ, ಸೋಲು ತಾನೇ ಬತ್ತದೆ. ಸೋತೋನ್ಗೆ ಈ ಮನೇಲಿ ಭಾರೀ ಮರ್ಯಾದೆ. ಕೋಳಿ ಸಾರಲ್ಲಿ ಎರಡು ಕಾಲೂ ನಂಗೇ.”

ಅವನು ಒಳಗೆ ಹೋದ. ಸೋಲುವುದು ಚಲುವರಾಜುವಿಗೆ ಕಷ್ಟದ ಕೆಲಸವೇನಲ್ಲ. ಆಯಿತು, ಸೋಲೋಣ ಎಂದುಕೊಂಡು ಅವನು ಕೈ ಕೊಡವುವಷ್ಟರಲ್ಲಿ ಒಂದು ಟವೆಲ್ಲು ಮುಂದೆ ಬಂತು. ಟವೆಲ್ಲಿನ ಆ ತುದಿಯಲ್ಲಿ ಪ್ರಮೀಳಾ ಇದ್ದಳು.

“ಎರಡನೇ ಸಿಪಾಯಿ ತಿನ್ನಬ್ಯಾಡಿ” ಎಂದಳು, ಬಾವಿಗೆ ಹೇಳುವ ಹಾಗೆ ಅತ್ತ ತಿರುಗಿ. “ಮಂತ್ರಿ ಮುಂದ್ಲ ಸಿಪಾಯಿನ ಎರಡು ಮನೆ ಬುಡಿ. ಅಪ್ಪ ಅದನ್ನ ಹೊಡೀತಾರೆ, ನೀವು ಮಂತ್ರೀಲಿ ವಾಪಸ್ ಹೊಡೀರಿ. ಆಮೇಲೆ ಅಪ್ಪ ಅಂಚಿನ ಸಿಪಾಯೀಲಿ ನಿಮ್ಮದನ್ನ ತಿಂತಾರೆ. ತಡ್ಕಳಕ್ಕೆ ಆಗದೇ ಇಲ್ಲ ಅವ್ರಿಗೆ. ಆಗ ಮಂತ್ರೀನ ರಾಜನ ನೇರಕ್ಕೆ ತಂದು ಚೆಕ್ಕು ಕೊಡಿ. ಅದೇ ಮಂತ್ರಿಗೆ ಓರೆಯಾಗಿ ಮೂಲೆ ಆನೆನೂ ಸಿಕ್ತದೆ.”

“ನಿಮ್ಗೆಂಗೆ ಗೊತ್ತು?”

“ಅಪ್ಪ ಒಬ್ರೇ ಎರಡೂ ಕಡೆ ಆಡ್ತಾ ಕೂತಿರ್ತಾರೆ. ಸುತ್ತ ಕಸ ಗುಡ್ಸೋಳು ನಾನು.”

ಹಿಂದೆ ನೋಡಿದ ನಾಲ್ವರಲ್ಲಿ ಒಬ್ಬಳೂ ಚಲುವರಾಜುವಿನ ಜೊತೆ ಇಷ್ಟು ಮಾತಾಡಿರಲಿಲ್ಲ. ಒಬ್ಬಳಂತೂ ಕಾಫಿ ಕೊಡುವಾಗ ಕಣ್ಣು ಮುಚ್ಚಿಕೊಂಡಿದ್ದಳು. ಇವಳು ತಂದೆಯನ್ನೇ ಸೋಲಿಸಲು ದಾರಿ ತೋರಿಸುತ್ತಿದ್ದಾಳೆಂದರೆ, ಇವಳ ಮನಸ್ಸಿನಲ್ಲಿ ಏನಿದೆ ಎಂದು ಬೇರೆ ಕೇಳಬೇಕೆ? ಅವನು ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡೇ ಒಳಗೆ ಹೋದ.

ಹೋಗಿ ಕೂತವನೇ ಮಂತ್ರಿಯ ಮುಂದಿನ ಸಿಪಾಯಿಯನ್ನು ಎರಡು ಮನೆ ಬಿಟ್ಟ. ಕಂಬಕ್ಕೆ ಒರಗಿದ್ದ ದೇವರಾಜು ನೆಟ್ಟಗಾದ. ಶಿವಲಿಂಗಯ್ಯನವರು ಹೊಡೆದರು. ಚಲುವರಾಜು ಮಂತ್ರಿಯಲ್ಲಿ ಹೊಡೆದ. ಶಿವಲಿಂಗಯ್ಯನವರ ಕೈ ವರ್ಷಗಟ್ಟಲೆಯ ಅಭ್ಯಾಸದಿಂದ ಅಂಚಿನ ಸಿಪಾಯಿಯ ಮೇಲೆ ಹೋಯಿತು, ತಿಂದಿತು.

“ಚೆಕ್ಕು” ಎಂದ ಚಲುವರಾಜು. ದನಿ ಹಾಲು ಕಡಿಮೆಯಾದ ಕಾಫಿಯ ಹಾಗೆ ಗಟ್ಟಿಯಾಗಿತ್ತು.

ಶಿವಲಿಂಗಯ್ಯನವರು ರಾಜನಿಗೆ ಒಂಟೆಯನ್ನು ಅಡ್ಡ ಇಟ್ಟರು. ಚಲುವರಾಜುವಿನ ಮಂತ್ರಿ ಓರೆಯಾಗಿ ಹೋಗಿ ಮೂಲೆಯ ಆನೆಯನ್ನು ನುಂಗಿತು. ಆನೆಯೊಂದು ಕಮ್ಮಿಯಾದ ಮೇಲೂ ಮುದುಕರು ಬಿಡಲಿಲ್ಲ; ಮುಕ್ಕಾಲು ಗಂಟೆ ಒದ್ದಾಡಿದರು. ಕೊನೆಗೆ ತಮ್ಮ ರಾಜನನ್ನು ತಾವೇ ಮಲಗಿಸಿ, ಎದ್ದು, ಚಲುವರಾಜುವಿನ ಬೆನ್ನಿಗೆ ಒಂದು ಗುದ್ದು ಗುದ್ದಿದರು. ಅವರ ಕಣ್ಣಲ್ಲಿ ನೀರಿತ್ತು.

“ಲೇ, ಎಲ್ಲಿದ್ಯಲಾ ಇಷ್ಟು ದಿನ? ಮಂಚಮ್ಮೀ, ಪಾಯಸ ಮಾಡು!”

ಬೆಳಗಿನಿಂದ ‘ಬನ್ನಿ, ಕೂತ್ಕಳಿ’ ಎನ್ನುತ್ತಿದ್ದ ಬಾಯಲ್ಲಿ ‘ಲೇ’ ಬಂದದ್ದು ಚಲುವರಾಜುವಿಗೆ ತಾಳಿ ಕಟ್ಟಿದಷ್ಟೇ ಆಯಿತು. ಮಂಚಯ್ಯ ಸಮಯ ನೋಡಿ ಗಂಟಲು ಸರಿಮಾಡಿಕೊಂಡ.

“ಅಂಗಾರೆ ಬಾವ, ಆಷಾಡ ಕಳ್ದೇಟ್ಗೆ ಒಂದು ದಿನ ಗೊತ್ತು ಮಾಡ್ಬುಡಾನ?”

“ಯಾತುಕ್ಕೆ?”

“ಮದ್ವೆಗೆ.”

“ಮದ್ವೆನಾ?” ಶಿವಲಿಂಗಯ್ಯನವರು ಹೆದರಿದವರ ಹಾಗೆ ಚಲುವರಾಜುವಿನ ಕೈ ಹಿಡಿದುಕೊಂಡರು. “ಇವನ್ಗಾ? ಇವನ್ಗೆ ಎಣ್ಣು ಕೊಟ್ಟು ಹಾಳು ಮಾಡ್ಕಳನಾ? ಅಲ್ಲಿ ನೋಡಿ ದೇವರಾಜುನ. ಮದ್ವೆಗೆ ಮುಂಚೆ ಬಂದು ನನ್ನ ಎರಡಾಟ ಸೋಲ್ಸಿದ್ದ. ಹುಲಿ ಅಂಗಿದ್ದ. ತಾಳಿ ಕಟ್ಟಿದ ಮಾರ್ನೆ ದಿನದಿಂದ ಸೋಲ್ತಾವ್ನೆ. ಮಾವ ಅಂತ ಮರ್ಯಾದೆ! ಮಿಕ್ಕ ಇಬ್ರೂ ಅಂಗೇ. ಮೂರು ಎಣ್ಣು ಕೊಟ್ಟು ಮೂರು ಜನ ಆಟಗಾರ್ರನ್ನ ಕಳ್ಕಂಡಿವ್ನಿ ಕಣ್ರೀ.”

“ನಾನು ಹಂಗೆ ಮರ್ಯಾದೆ ಕೊಡಲ್ಲ ಮಾವ” ಎಂದ ಚಲುವರಾಜು, ಅಂಗಲಾಚಿ.

“ಅವ್ರೂ ಅಂಗೇ ಅಂದಿದ್ರು. ಮಾವ ಗೀವ ಅನ್ನಬ್ಯಾಡ, ಅಲ್ಲಿಂದ್ಲೇ ಕೆಡೋದು. ಅಳಿಯಂದ್ರು ಯಾರಾದ್ರೂ ಸಿಕ್ತಾರೆ. ನೀನು ಪ್ರತಿ ಭಾನ್ವಾರ ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಬಂದ್ಬುಡ್ಬೇಕು, ಕಣ್ಲಾ. ತಪ್ಪಿಸ್ಬ್ಯಾಡ.”

ಮಂಚಯ್ಯ ಅಳಿಯನ ಮುಖ ನೋಡಲಾರದೆ ಬಸ್ಸಿನ ವೇಳೆ ಕೇಳಿಬರಲು ಬೀದಿಗೆ ಹೋದ. ಚಲುವರಾಜು ಪಾಯಸದ ಲೋಟ ಹಿಡಿದುಕೊಂಡು ಜಗಲಿಗೆ ಬಂದ. ಪ್ರಮೀಳಾ ಅಲ್ಲಿ ಪುಸ್ತಕ ಓದುತ್ತಾ ಕೂತಿದ್ದಳು.

“ನೋಡಿದ್ರಾ ನಿಮ್ಮಪ್ಪಾರು ಏನಂದ್ರು ಅಂತ?” ಎಂದ. “ನೀವು ಹೇಳ್ಕೊಟ್ಟಿದ್ದಕ್ಕೆ ಗೆದ್ದು ಇಂಗಾಯ್ತು.”

“ಗೆದ್ದೋರಿಗೆ ಇನ್ಮೇಲೆ ಎಣ್ಣು ಕೊಡಾಕಿಲ್ಲ ಅಂತ ಅಪ್ಪ ಮೂರನೇ ಅಕ್ಕನ ಮದ್ವೇಲೇ ಹೇಳಿದ್ರು” ಎಂದಳು ಅವಳು ಪುಟ ತಿರುವಿ. “ಅದ್ಕೇ ಹೇಳ್ಕೊಟ್ಟಿದ್ದು. ಟೀಚರ್ ಆಗಕ್ಕೆ ನಂಗೆ ಟಿ.ಸಿ.ಎಚ್. ಓದು ಇನ್ನೂ ಒಂದು ವರ್ಸ ಅದೆ.”

ಚಲುವರಾಜು ಪಾಯಸವನ್ನು ಒಂದೇ ಗುಟುಕಿಗೆ ಕುಡಿದು ಮುಗಿಸಿದ. ಚೆನ್ನಾಗಿತ್ತು. ಅದಕ್ಕೇ ಇನ್ನಷ್ಟು ಬೇಜಾರಾಯಿತು.

“ಒಂದು ವರ್ಸ ತಾನೇ. ನಾನು ಕಾಯ್ತೀನಿ. ಪ್ರತಿ ಭಾನ್ವಾರ ಹೆಂಗೂ ಬತ್ತೀನಲ್ಲ, ಇನ್ನು ಅಪ್ಪಾರ ಹತ್ರ ಸೋತ್ಕಂಡೇ ಇರ್ತೀನಿ. ಕೊನೆಗೆ ನೀವೇ ಒಂದು ಮಾತು ಹೇಳಿ ಅವರನ್ನ ಒಪ್ಪಿಸ್ತೀರಾ?”

ಪ್ರಮೀಳಾ ಪುಸ್ತಕ ಮಡಿಸಿ, ಅವನ ಖಾಲಿ ಲೋಟ ಇಸಿದುಕೊಂಡು ಎದ್ದಳು.

“ಹೇಳಾಕಿಲ್ಲ” ಎಂದಳು.