ಹಿಂದಿನ ಕುರಿಯ ವೇಗ

ಓದುವುದಕ್ಕೆ ವಯಸ್ಸಿಲ್ಲ ಎಂದು ಉಪದೇಶ ಮಾಡುವವರನ್ನು ಗಮನಿಸಿ ನೋಡಿ. ಎಲ್ಲರೂ ಓದು ಮುಗಿಸಿ ಆರಾಮಾಗಿ ಕೂತವರೇ. ನನಗೆ ನಲವತ್ನಾಲ್ಕು. ಹದಿನೈದು ವರ್ಷದಿಂದ ಹೈಸ್ಕೂಲಿನಲ್ಲಿ ಆಟದ ಟೀಚರು, ಅದೂ ತಾತ್ಕಾಲಿಕ. ಡಿಗ್ರಿ ತಂದರೆ ಕಾಯಂ ಮಾಡುತ್ತೇವೆ ಎಂದಿತು ಆಡಳಿತ ಮಂಡಳಿ. ಹಾಗಾಗಿ ರಜೆ ಹಾಕಿ, ಐಮಂಗಲದಿಂದ ದಿನಾ ಬಸ್ಸು ಹತ್ತಿ, ದುರ್ಗದ ಯೂನಿವರ್ಸಿಟಿಯಲ್ಲಿ ಆರೋಗ್ಯ ಮತ್ತು ಕ್ರೀಡಾ ವಿಜ್ಞಾನಕ್ಕೆ ಸೇರಿಬಿಟ್ಟೆ. ಮೊದಲ ದಿನ ಕ್ಲಾಸಿಗೆ ಕಾಲಿಟ್ಟ ಕೂಡಲೇ ಹುಡುಗ ಹುಡುಗಿಯರೆಲ್ಲ ಎದ್ದು ನಿಂತರು. ಅಭ್ಯಾಸಬಲ ನೋಡಿ, "ಕುಂತ್ಕಳ್ರಿ" ಎಂದೆ. ಕೂತರು. ಆಮೇಲೆ ನಾನೂ ಹೋಗಿ ಕೊನೇ ಬೆಂಚಿನಲ್ಲಿ ಕೂತೆ. ಅವತ್ತಿಂದ ಇಡೀ ಕ್ಲಾಸಿಗೆ ನಾನು ಆಂಟಿ.

ಥಿಯರಿಯ ಭಯ ನನಗಿರಲಿಲ್ಲ. ಹೃದಯಕ್ಕೆ ಎಷ್ಟು ಕೋಣೆ, ಮಂಡಿಯಲ್ಲಿ ಯಾವ ಮೂಳೆ, ಎಲ್ಲ ಬಾಯಿಪಾಠ. ಎದೆ ನಡುಗಿಸಿದ್ದು ಪ್ರಾಕ್ಟಿಕಲ್. ಹನ್ನೆರಡು ನಿಮಿಷದಲ್ಲಿ ಮೈದಾನವನ್ನು ಐದು ಸುತ್ತು ಓಡಬೇಕು. ಅದರಲ್ಲಿ ಫೇಲಾದರೆ ಡಿಗ್ರಿಯಿಲ್ಲ, ಡಿಗ್ರಿಯಿಲ್ಲದಿದ್ದರೆ ಕಾಯಂ ಇಲ್ಲ. ಹದಿನೈದು ವರ್ಷ ಮಕ್ಕಳನ್ನು ಓಡಿಸಿದ ನಾನು, ನಿಜ ಹೇಳಿಬಿಡುತ್ತೇನೆ, ಒಂದು ದಿನವೂ ಓಡಿರಲಿಲ್ಲ. ಬೇವಿನ ಮರದ ನೆರಳಲ್ಲಿ ನಿಂತು ಸೀಟಿ ಊದುವುದು ಎಷ್ಟೇ ಊದಿದರೂ ವ್ಯಾಯಾಮವಾಗುವುದಿಲ್ಲವಂತೆ. ಇದನ್ನೂ ಪುಸ್ತಕದಲ್ಲೇ ಓದಿದ್ದು.

ಹಠ ಬಂತು. ಪರೀಕ್ಷೆಗೆ ಒಂದೂವರೆ ತಿಂಗಳಿತ್ತು, ಕ್ಲಾಸುಗಳೂ ಮುಗಿದಿದ್ದವು. ರಸ್ತೆಯಲ್ಲಿ ಓಡಲು ನಾಚಿಕೆ, ಜೊತೆಗೆ ಹೈವೇ ಲಾರಿಗಳ ಹೆದರಿಕೆ. ನಮ್ಮ ಅತ್ತೆ ಮಾಳಮ್ಮನಿಗೆ ಅರವತ್ತೆಂಟು. ಇವತ್ತಿಗೂ ಐವತ್ತು ಕುರಿ ಹೊಡೆದುಕೊಂಡು ಹೊಲ, ಗುಡ್ಡ, ಹಳ್ಳ ಸುತ್ತಿ ಬರುತ್ತಾರೆ. ಅವರಿಗೆ ವಿಷಯ ಹೇಳಿದೆ.

"ಓಡಾಕೂ ಪರೀಕ್ಷೆ ಐತಾ? ಯಾರಾದ್ರೂ ಅಟ್ಟಿಸ್ಕಂಡು ಬರ್ತಾರಾ?"

"ಯಾರೂ ಬರಲ್ಲ ಅತ್ತೆ. ಸುಮ್ನೆ ಓಡ್ಬೇಕು."

"ಸುಮ್ನೆ ಯಾಕೆ ಓಡ್ತೀಯವ್ವ, ಬುದ್ಧಿ ಕೆಟ್ಟೈತಾ? ನಾಳೆ ನನ್ ಜೊತೆ ಬಾ. ಕಾಲು ತಾವಾಗೇ ಬರ್ತಾವೆ."

ಮರುದಿನ ಟ್ರ್ಯಾಕ್ ಪ್ಯಾಂಟು, ಹೊಸ ಬೂಟು ಹಾಕಿ ಹೊರಟೆ. ಅತ್ತೆಯ ಕಾಲಲ್ಲಿ ಸವೆದ ಚಪ್ಪಲಿ, ಹೆಗಲ ಮೇಲೆ ಕಂಬಳಿ. ಗುಡ್ಡ ಹತ್ತಿದ ಮೇಲೆ ವಿಜ್ಞಾನ ನೆನಪಾಗಿ, ವಾಚು ನೋಡುತ್ತ ಅತ್ತೆಯ ನಾಡಿ ಹಿಡಿದೆ. ಗೋಡೆ ಗಡಿಯಾರದ ಹಾಗೆ ನೆಮ್ಮದಿಯಾಗಿ ಬಡಿಯುತ್ತಿತ್ತು. ನನ್ನದನ್ನು ಎಣಿಸಲು ಹೋದೆ, ಲೆಕ್ಕ ತಪ್ಪಿತು. ಇನ್ನೊಮ್ಮೆ ಎಣಿಸಿದೆ, ಮತ್ತೆ ತಪ್ಪಿತು. "ನಾಡಿ ಆಮೇಲೆ ನೋಡ್ಕಳ್ಳೇ, ಮೊದ್ಲು ಬಾಯಿ ಮುಚ್ಚು, ನೊಣ ಹೊಕ್ಕತಾವೆ" ಎಂದರು.

ಮೊದಲ ವಾರ ಉತ್ಸಾಹ ತಡೆಯದೆ ಮಂದೆಗಿಂತ ಮುಂದೆ ಮುಂದೆ ಹೋಗುತ್ತಿದ್ದೆ. ಅತ್ತೆ ಹಿಂದಿನಿಂದ ಕೂಗಿದರು: "ಲೇ, ಕುರಿ ಕಾಯೋಳು ನೀನಾ, ಕುರಿನೇ ನಿನ್ನ ಕಾಯ್ಬೇಕಾ? ಹಿಂದೆ ಬಾ. ಎಲ್ಲಕ್ಕಿಂತ ಹಿಂದೆ ಯಾವ್ ಕುರಿ ಐತೋ, ಅದರ ವೇಗನೇ ನಿನ್ ವೇಗ. ಅದನ್ನ ದಾಟಿದ್ಯೋ, ಸಂಜೆ ಹಟ್ಟಿಗೆ ಒಂದು ಕಮ್ಮಿ." ಅವತ್ತಿಂದ ಹಿಂದೆಯೇ ನಡೆದೆ. ಒಂದು ಕುಂಟು ಕುರಿ ಇತ್ತು, ಅದರ ಬೆನ್ನಿಗೆ ಬಿದ್ದು "ಹುರ್ರೋ ಹುರ್ರೋ" ಎನ್ನುತ್ತ ಐದು ವಾರ ಗುಡ್ಡ ಹತ್ತಿ ಇಳಿದೆ. ಪ್ಯಾಂಟು ಸಡಿಲವಾಯಿತು. ಉಸಿರು ಹತೋಟಿಗೆ ಬಂತು. ಒಂದು ಭಾನುವಾರ ಕಳ್ಳತನದಲ್ಲಿ ನಮ್ಮ ಸ್ಕೂಲ್ ಮೈದಾನದಲ್ಲಿ ಓಡಿ ನೋಡಿದೆ. ಐದು ಸುತ್ತು ಮುಗಿದಾಗ ಇನ್ನೂ ಅರ್ಧ ನಿಮಿಷ ಉಳಿದಿತ್ತು!

ಪರೀಕ್ಷೆಯ ದಿನ ಸೀಟಿ ಊದಿದರು. ನಾಲ್ಕು ಸುತ್ತು ಹೇಗೆ ಮುಗಿದವೋ ಗೊತ್ತಿಲ್ಲ, ಕಾಲು ಅತ್ತೆ ಹೇಳಿದಂತೆ ತಾವಾಗೇ ಬರುತ್ತಿದ್ದವು. ಐದನೆಯ ಸುತ್ತಿನಲ್ಲಿ ಎಲ್ಲರೂ ಮುಂದೆ, ನನ್ನ ಎದುರಿಗೆ ಒಬ್ಬಳೇ: ಸಿರಿಗೆರೆಯಿಂದ ಬರುವ ರೇಖಾ. ಪಕ್ಕೆ ಹಿಡಿದುಕೊಂಡು ಅಳುತ್ತ ಓಡುತ್ತಿದ್ದಳು. ನನ್ನಲ್ಲಿ ಇನ್ನೂ ಕಸುವಿತ್ತು. ದಾಟಬೇಕಿತ್ತು, ಅಷ್ಟೇ. ಆದರೆ ಅವಳ ಹಿಂದೆ ಬಂದ ಕೂಡಲೇ ನನ್ನ ಕಾಲು ತಾವಾಗೇ ನಿಧಾನವಾದವು. ಬಾಯಿಂದ "ಹುರ್ರೋ" ಎಂದು ಹೊರಟಿತು.

"ಆಂಟಿ, ನನ್ ಕೈಲಾಗಲ್ಲ. ನೀವ್ ಹೋಗ್ರಿ!"

"ನೀ ನಡಿಯವ್ವ ಮುಂದೆ. ಹುರ್ರೋ!"

ಹೆದರಿಕೆಯಿಂದಲೋ ನಗು ಬಂದೋ, ಹುಡುಗಿ ಓಡಿದಳು. ಗೆರೆ ದಾಟಿದಳು. ಹನ್ನೆರಡು ನಿಮಿಷ ಮುಗಿದ ಸೀಟಿ ಕೇಳಿತು. ನಾನು ಗೆರೆಯಿಂದ ಎರಡು ಹೆಜ್ಜೆ ಈಚೆ.

"ಅಲ್ರೀ, ಆರಾಮಾಗಿ ಓಡ್ತಿದ್ರಿ, ಆ ಹುಡುಗೀನ ಯಾಕ್ರಿ ದಾಟ್ಲಿಲ್ಲ?" ಎಂದರು ಪರೀಕ್ಷೆಗೆ ಬಂದಿದ್ದ ಸರ್. ದಾಟಿದರೆ ಸಂಜೆಗೆ ಒಂದು ಕಮ್ಮಿಯಾಗುತ್ತೆ ಎನ್ನಲಾ? ಬಗ್ಗಿ ಬೂಟಿನ ಲೇಸು ಕಟ್ಟಿಕೊಂಡೆ. ಅದು ಬಿಚ್ಚಿರಲೂ ಇಲ್ಲ.

ಮನೆಗೆ ಬಂದು ಅತ್ತೆಯ ಮುಂದೆ ಕೂತೆ. ನಡೆದದ್ದನ್ನೆಲ್ಲ ಕೇಳಿ ಅವರು ವಿಚಾರಿಸಿದ್ದು ಒಂದೇ: "ಎಲ್ಲಾ ಬಂದು ಸೇರಿದ್ವಾ?"

"ಸೇರಿದ್ವು ಅತ್ತೆ. ನಾನೊಬ್ಬಳು ಬಿಟ್ಟು."

ಅತ್ತೆ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. "ತಪ್ಪು ನಂದೇ ಬಿಡವ್ವ. ನಿಂಗೆ ಕುರಿ ಕಾಯೋದು ಕಲ್ಸಿದೆ. ಪರೀಕ್ಷೆ ಇದ್ದಿದ್ದು ಕುರಿಗೆ. ಇನ್ನೊಂದ್ಸಲ ಬರೀಬೋದಾ?"

"ಆರು ತಿಂಗಳಿಗೆ ಐತೆ. ಬಿಡಲ್ಲ ಅತ್ತೆ, ಓಡೇ ಓಡ್ತೀನಿ."

"ಹಂಗಾದ್ರೆ ನಾಳೆಯಿಂದ ನೀ ಮುಂದೆ ನಡಿ. ಹಿಂದೆ ನಾ ಬರ್ತೀನಿ."

ಈಗ ಹಾಗೇ ನಡೆದಿದೆ. ಬೆಳಿಗ್ಗೆ ಹಟ್ಟಿ ಬಿಡುವಾಗ ಎಲ್ಲಕ್ಕಿಂತ ಮುಂದೆ ನಾನೇ, ಎದೆಯುಬ್ಬಿಸಿಕೊಂಡು. ಎರಡನೇ ಬದು ದಾಟುವಷ್ಟರಲ್ಲಿ ಅಭ್ಯಾಸಬಲಕ್ಕೆ ಕಾಲು ನಿಧಾನವಾಗಿ, ಮಂದೆ ನನ್ನ ಎರಡೂ ಪಕ್ಕದಿಂದ ಹರಿದು ಮುಂದೆ ಹೋಗುತ್ತದೆ, ಕುಂಟು ಕುರಿಯೂ ಸೇರಿ. ಹಿಂದೆ ಅತ್ತೆಯ ಸವೆದ ಚಪ್ಪಲಿಯ ಸದ್ದು ಮಾತ್ರ ಕೇಳುತ್ತಿರುತ್ತದೆ. ಅವರು ಮನಸ್ಸು ಮಾಡಿದರೆ ಎರಡೇ ಹೆಜ್ಜೆಗೆ ನನ್ನನ್ನು ದಾಟಬಲ್ಲರು. ದಾಟುವುದಿಲ್ಲ. "ಹುರ್ರೋ" ಎನ್ನುತ್ತಾರೆ.